ಕಣ್ಣಿಗೆ ಕಸರತ್ತು, ಕನ್ನಡಕಕ್ಕೆ ರಜೆಯೇ?

ಶಾಲೆಯಲ್ಲಿ ಕಣ್ಣಿನ ತಪಾಸಣೆ ನಡೆದ ದಿನ ಸಂಜೆ ಅನೇಕ ಮನೆಗಳಲ್ಲಿ ಒಂದೇ ಬಗೆಯ ಮಾತುಕತೆ ನಡೆಯುತ್ತದೆ. ಎಂಟನೇ ತರಗತಿಯ ಮಗಳು ಬ್ಯಾಗಿನಿಂದ ಒಂದು ಚೀಟಿ ತೆಗೆದುಕೊಡುತ್ತಾಳೆ. ಎರಡೂ ಕಣ್ಣಿಗೆ ಮೈನಸ್ ಒಂದೂವರೆ ಎಂದು ಅದರಲ್ಲಿ ಬರೆದಿರುತ್ತದೆ. “ಅಪ್ಪ, ಬೋರ್ಡ್ ಮೇಲೆ ಬರೆದದ್ದು ಕಾಣಿಸಲ್ಲ. ಪಕ್ಕದವಳ ನೋಟ್ಸ್ ನೋಡಿ ಬರ್ಕೊಳ್ತಾ ಇದ್ದೆ” ಎಂದು ಆಕೆ ಬಾಯಿಬಿಡುವುದು ಆಗಲೇ.

“ಈ ವಯಸ್ಸಿಗೇ ಕನ್ನಡಕವೇನೋ? ಹೆಣ್ಣುಮಗು ಕಣೋ, ನಾಳೆ ಗಂಡು ನೋಡೋವಾಗ ಏನ್ ಹೇಳ್ತೀಯಾ?” ಎಂದು ಅಜ್ಜಿಯ ಆತಂಕ. “ಒಂದು ಸಲ ಹಾಕಿದರೆ ಮುಗೀತು, ನಂಬರ್ ಏರುತ್ತಲೇ ಹೋಗುತ್ತೆ” ಎಂದು ಅಮ್ಮನ ಭಯ. ಅಷ್ಟರಲ್ಲಿ ಪಕ್ಕದ ಮನೆಯವರು ಬಂದು, “ಕನ್ನಡಕ ಯಾಕೆ ಸಾರ್? ಆರು ತಿಂಗಳು ಕಣ್ಣಿನ ವ್ಯಾಯಾಮ ಮಾಡಿಸಿ, ತಾನಾಗಿ ಸರಿಹೋಗುತ್ತೆ. ಪುಸ್ತಕವೇ ಇದೆ” ಎನ್ನುತ್ತಾರೆ. ಖರ್ಚಿಲ್ಲ, ಔಷಧಿಯಿಲ್ಲ, ನೋವಿಲ್ಲ. ಅಪ್ಪನಿಗೂ ಅದೇ ಸರಿ ಎನ್ನಿಸುತ್ತದೆ. ಚೀಟಿ ದೇವರ ಪಟದ ಹಿಂದೆ ಸೇರುತ್ತದೆ.

ಆ ಆರು ತಿಂಗಳು ಮಗಳ ಪಾಲಿಗೆ ಲಾಭವೋ ನಷ್ಟವೋ? ಸ್ವಾಭಾವಿಕ ವ್ಯಾಯಾಮದಿಂದ ದೃಷ್ಟಿ ಸುಧಾರಿಸುತ್ತದೆ ಎಂಬ ಮಾತಿಗೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಅದನ್ನು ಸುಮ್ಮನೆ ತಳ್ಳಿಹಾಕುವುದೂ ತಪ್ಪು, ಸುಮ್ಮನೆ ನಂಬುವುದೂ ತಪ್ಪು. ಪರೀಕ್ಷಿಸಿ ನೋಡುವುದು ವಿಜ್ಞಾನದ ದಾರಿ.

ಡಾಕ್ಟರ್ ಬೇಟ್ಸ್‌ರ ವಾದ

ಈ ವಿಚಾರದ ಮೂಲಪುರುಷ ಅಮೆರಿಕದ ವಿಲಿಯಂ ಹೊರೇಷಿಯೋ ಬೇಟ್ಸ್. 1860ರಲ್ಲಿ ಹುಟ್ಟಿ 1931ರಲ್ಲಿ ತೀರಿಕೊಂಡ ಈತ ನ್ಯೂಯಾರ್ಕಿನಲ್ಲಿ ಕಣ್ಣಿನ ವೈದ್ಯನಾಗಿದ್ದವನು, ಅರೆಬರೆ ಓದಿದವನಲ್ಲ. ಕನ್ನಡಕವಿಲ್ಲದೆ ದೃಷ್ಟಿದೋಷ ನಿವಾರಿಸುವ ತನ್ನ ವಿಧಾನವನ್ನು 1920ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಅವನ ವಾದ ಇಷ್ಟು: ಹತ್ತಿರದ ವಸ್ತು ನೋಡುವಾಗ ಕಣ್ಣಿನೊಳಗಿನ ಮಸೂರ ಏನೂ ಮಾಡುವುದಿಲ್ಲ. ಕಣ್ಣುಗುಡ್ಡೆಯನ್ನು ಹೊರಗಿನಿಂದ ಹಿಡಿದಿರುವ ಆರು ಸ್ನಾಯುಗಳು ಗುಡ್ಡೆಯನ್ನು ಹಿಚುಕಿ ಅದರ ಆಕಾರ ಬದಲಿಸುತ್ತವೆ. ಮನಸ್ಸಿನ ಒತ್ತಡದಿಂದ ಈ ಸ್ನಾಯುಗಳು ಬಿಗಿಯಾಗಿಯೇ ಉಳಿದರೆ ದೃಷ್ಟಿದೋಷ ಉಂಟಾಗುತ್ತದೆ. ಆದ್ದರಿಂದ ಒತ್ತಡ ಬಿಟ್ಟರೆ ದೋಷವೂ ಬಿಡುತ್ತದೆ.

ಇದಕ್ಕೆ ಅವನು ಹೇಳಿದ ಅಭ್ಯಾಸಗಳು ಇಂದಿಗೂ ಬಳಕೆಯಲ್ಲಿವೆ. ಅಂಗೈಗಳಿಂದ ಮುಚ್ಚಿದ ಕಣ್ಣುಗಳನ್ನು ಮರೆಮಾಡಿ ಕಪ್ಪು ಬಣ್ಣವನ್ನು ನೆನೆಯುವುದು, ದೇಹವನ್ನು ಅತ್ತಿತ್ತ ತೂಗುವುದು, ಅಕ್ಷರದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ದೃಷ್ಟಿ ಸರಿಸುವುದು, ಬಿಸಿಲಿಗೆ ಕಣ್ಣೊಡ್ಡುವುದು. ನಮ್ಮ ದೇಶದಲ್ಲಿ ಈ ವಿಧಾನವನ್ನು ಪ್ರಚುರಪಡಿಸಿದವರಲ್ಲಿ ಡಾ. ಆರ್. ಎಸ್. ಅಗರ್‌ವಾಲ್ ಮುಖ್ಯರು. ಪಾಂಡಿಚೇರಿಯ ಅರವಿಂದಾಶ್ರಮದ ಕಣ್ಣಿನ ಶಾಲೆಯ ಮೂಲಕ ಅದು ದಕ್ಷಿಣ ಭಾರತದಲ್ಲೂ ಪರಿಚಿತವಾಯಿತು.

ಮೊದಲೇ ಸಿಕ್ಕಿದ್ದ ಉತ್ತರ

ಬೇಟ್ಸ್‌ನ ವಾದ ನಿಲ್ಲುವುದೂ ಬೀಳುವುದೂ ಒಂದೇ ಪ್ರಶ್ನೆಯ ಮೇಲೆ: ದೂರದಿಂದ ಹತ್ತಿರಕ್ಕೆ ನೋಟ ಬದಲಿಸುವಾಗ ಆಕಾರ ಬದಲಿಸುವುದು ಮಸೂರವೋ ಇಡೀ ಗುಡ್ಡೆಯೋ? ಅಚ್ಚರಿಯೆಂದರೆ, ಬೇಟ್ಸ್ ಪುಸ್ತಕ ಬರೆಯುವುದಕ್ಕೆ ಸುಮಾರು 120 ವರ್ಷ ಮೊದಲೇ ಇದಕ್ಕೆ ಉತ್ತರ ಸಿಕ್ಕಿತ್ತು. ಉತ್ತರ ಕೊಟ್ಟವನು ಇಂಗ್ಲೆಂಡಿನ ಥಾಮಸ್ ಯಂಗ್. ಬೆಳಕಿನ ಅಲೆಯ ಸ್ವಭಾವವನ್ನು ಎರಡು ಸೀಳುಗಳ ಪ್ರಯೋಗದಿಂದ ತೋರಿಸಿದವನೆಂದು ಪಿಯುಸಿ ವಿದ್ಯಾರ್ಥಿಗಳು ಓದುತ್ತಾರಲ್ಲ, ಅವನೇ.

1801ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಯಂಗ್ ತನ್ನ ಕಣ್ಣಿನ ಮೇಲೆ ತಾನೇ ಮಾಡಿಕೊಂಡ ಪ್ರಯೋಗಗಳನ್ನು ವಿವರಿಸಿದ್ದಾನೆ. ನೋಟ ಬದಲಾದಾಗ ಕಾರ್ನಿಯಾ, ಎಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಆಕಾರ ಬದಲಿಸುತ್ತದೆಯೇ? ಇದನ್ನು ತಿಳಿಯಲು ಅವನು ನೀರು ತುಂಬಿದ ಪುಟ್ಟ ಸಾಧನವನ್ನು ಕಣ್ಣಿಗೆ ತಾಗಿಸಿಟ್ಟುಕೊಂಡ. ನೀರಿನೊಳಗೆ ಕಾರ್ನಿಯಾದ ಬಾಗಿಸುವ ಶಕ್ತಿ ಹೆಚ್ಚು ಕಡಿಮೆ ಇಲ್ಲವಾಗುತ್ತದೆ. ಕೊಳದಲ್ಲಿ ಮುಳುಗಿ ಕಣ್ಣುಬಿಟ್ಟಾಗ ಎಲ್ಲವೂ ಮಸುಕಾಗುವುದು ಇದೇ ಕಾರಣಕ್ಕೆ. ಆ ಸಾಧನಕ್ಕೆ ತಕ್ಕ ಮಸೂರ ಜೋಡಿಸಿ ನೋಡಿದಾಗ ಹತ್ತಿರ ದೂರಗಳ ಹೊಂದಾಣಿಕೆ ಮೊದಲಿನಂತೆಯೇ ಇತ್ತು! ಆದ್ದರಿಂದ ಕೆಲಸ ಮಾಡುವುದು ಕಾರ್ನಿಯಾ ಅಲ್ಲ.

ಹಾಗಾದರೆ ಗುಡ್ಡೆ ಉದ್ದವಾಗುತ್ತದೆಯೇ? ಯಂಗ್ ತನ್ನ ಕಣ್ಣನ್ನು ಮುಂದಿನಿಂದಲೂ ಹಿಂದಿನ ಅಂಚಿನಿಂದಲೂ ಲೋಹದ ಉಂಗುರಗಳಿಂದ ಒತ್ತಿಹಿಡಿದ. ಗುಡ್ಡೆಯನ್ನು ಒತ್ತಿದರೆ ಬೆಳಕಿನ ಬಳೆಯೊಂದು ಕಾಣುತ್ತದೆ. ಹತ್ತಿರ ನೋಡುವಾಗ ಗುಡ್ಡೆ ಉದ್ದವಾಗುವುದಾದರೆ ಒತ್ತಡ ಹೆಚ್ಚಿ ಆ ಬಳೆ ದೊಡ್ಡದಾಗಬೇಕಿತ್ತು. ಹಾಗಾಗಲಿಲ್ಲ. ಕೊನೆಗೆ ಪೊರೆಯ ಚಿಕಿತ್ಸೆಯಲ್ಲಿ ಮಸೂರ ಕಳೆದುಕೊಂಡವರನ್ನು ಪರೀಕ್ಷಿಸಿದ. ಅವರಿಗೆ ಈ ಹೊಂದಾಣಿಕೆಯ ಶಕ್ತಿ ಇರಲಿಲ್ಲ. ಉಳಿದದ್ದು ಮಸೂರ ಒಂದೇ. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು 1855ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ವಿವರಿಸಿದ. ಮಸೂರದ ಸುತ್ತಲಿನ ಸಿಲಿಯರಿ ಸ್ನಾಯು ಸಂಕುಚಿಸಿದಾಗ ಮಸೂರವನ್ನು ಎಳೆದಿರುವ ನವಿರು ಎಳೆಗಳು ಸಡಿಲವಾಗುತ್ತವೆ. ಮಸೂರ ಉಬ್ಬುತ್ತದೆ, ಹತ್ತಿರದ್ದು ಸ್ಪಷ್ಟವಾಗುತ್ತದೆ.

ಚಪ್ಪಲಿಯಿಂದ ಪಾದ ಬೆಳೆಯುವುದೇ?

ಹಾಗಿದ್ದರೆ ಮಗಳ ಮೈನಸ್ ಒಂದೂವರೆ ಎಲ್ಲಿಂದ ಬಂತು? ಹುಟ್ಟಿದ ಮಗುವಿನ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್ ಇರುತ್ತದೆ, ದೊಡ್ಡವರದು ಸುಮಾರು 24. ಬೆಳೆಯುವ ಕಣ್ಣು ತನ್ನ ಕಾರ್ನಿಯಾ ಮತ್ತು ಮಸೂರದ ಶಕ್ತಿಗೆ ತಕ್ಕ ಉದ್ದಕ್ಕೆ ಬಂದು ನಿಲ್ಲಬೇಕು. ಕೆಲವರಲ್ಲಿ ಅದು ನಿಲ್ಲದೆ ಇನ್ನಷ್ಟು ಉದ್ದ ಬೆಳೆಯುತ್ತದೆ. ಆಗ ದೂರದ ವಸ್ತುವಿನ ಬಿಂಬ ಅಕ್ಷಿಪಟಲದ ಮೇಲೆ ಬೀಳದೆ ಅದರ ಮುಂದೆಯೇ ಮೂಡುತ್ತದೆ. ಇದೇ ಸಮೀಪದೃಷ್ಟಿ. ಒಂದು ಮಿಲಿಮೀಟರ್ ಹೆಚ್ಚು ಬೆಳೆದರೆ ಎರಡೂವರೆಯಿಂದ ಮೂರು ಡಯಾಪ್ಟರ್‌ಗಳಷ್ಟು ವ್ಯತ್ಯಾಸ! ಮಗಳ ದೋಷ ಅರ್ಧ ಮಿಲಿಮೀಟರಿನ ಸಂಗತಿ.

ಮೈನಸ್ 1 ಇದ್ದವರಿಗೆ ಒಂದು ಮೀಟರಿನಾಚೆ ಎಲ್ಲವೂ ಮಸುಕು, ಮೈನಸ್ 2 ಇದ್ದವರಿಗೆ ಅರ್ಧ ಮೀಟರಿನಾಚೆ. ಮೈನಸ್ ಒಂದೂವರೆಗೆ ಗಡಿ ಸುಮಾರು 67 ಸೆಂಟಿಮೀಟರ್. ತರಗತಿಯ ಕಪ್ಪು ಹಲಗೆ ಇದರಾಚೆ ಎಷ್ಟೋ ದೂರದಲ್ಲಿದೆ. ನಿಮ್ನ ಮಸೂರದ ಕನ್ನಡಕ ಬಿಂಬವನ್ನು ಹಿಂದಕ್ಕೆ ಸರಿಸಿ ಅಕ್ಷಿಪಟಲದ ಮೇಲೆ ತರುತ್ತದೆ, ಅಷ್ಟೆ. ಅದು ಕಣ್ಣನ್ನು ಗುಣಪಡಿಸುವುದೂ ಇಲ್ಲ, ಕೆಡಿಸುವುದೂ ಇಲ್ಲ.

ಕನ್ನಡಕ ಹಾಕಿದ ಮೇಲೆ ನಂಬರ್ ಏರುವುದು ನಿಜ. ಆದರೆ ಅದು ಕನ್ನಡಕದಿಂದಲ್ಲ, ಕಣ್ಣು ಇನ್ನೂ ಬೆಳೆಯುತ್ತಿರುವುದರಿಂದ. ವರ್ಷ ವರ್ಷ ದೊಡ್ಡ ಅಳತೆಯ ಚಪ್ಪಲಿ ಕೊಳ್ಳಬೇಕಾಗುತ್ತದೆಂದು ಚಪ್ಪಲಿಯೇ ಪಾದವನ್ನು ಬೆಳೆಸಿತು ಎನ್ನಲಾದೀತೇ? ಬೇಕೆಂದೇ ಕಡಿಮೆ ನಂಬರಿನ ಕನ್ನಡಕ ಕೊಟ್ಟರೆ ಏರಿಕೆ ತಗ್ಗೀತೆಂದು ಕೆಲವರು ಭಾವಿಸುತ್ತಾರೆ. 2002ರಲ್ಲಿ ಪ್ರಕಟವಾದ ಮಲೇಷ್ಯಾದ ಅಧ್ಯಯನವೊಂದರಲ್ಲಿ ಹಾಗೆ ಮಾಡಿದ ಮಕ್ಕಳ ನಂಬರ್ ಹೆಚ್ಚು ವೇಗವಾಗಿಯೇ ಏರಿತ್ತು.

ಹಕ್ಸ್ಲಿಯ ಪ್ರಸಂಗ

ಬೇಟ್ಸ್ ವಿಧಾನಕ್ಕೆ ದೊಡ್ಡ ಹೆಸರು ತಂದವರು ಇಂಗ್ಲಿಷ್ ಲೇಖಕ ಆಲ್ಡಸ್ ಹಕ್ಸ್ಲಿ. 1911ರಲ್ಲಿ, ಹದಿನಾರು ವರ್ಷದ ಹುಡುಗನಾಗಿದ್ದಾಗ, ಕಾರ್ನಿಯಾದ ಉರಿಯೂತದಿಂದ ಅವರ ದೃಷ್ಟಿ ಬಹುಪಾಲು ಹೋಯಿತು. ಬ್ರೈಲ್ ಕಲಿತು ಓದಬೇಕಾಯಿತು. ಮುಂದೆ ಸ್ವಲ್ಪ ದೃಷ್ಟಿ ಮರಳಿದರೂ ಕಾರ್ನಿಯಾದ ಕಲೆ ಉಳಿಯಿತು. 1939ರಲ್ಲಿ ಬೇಟ್ಸ್ ಅಭ್ಯಾಸಗಳನ್ನು ಆರಂಭಿಸಿ, ಕನ್ನಡಕವಿಲ್ಲದೆ ಓದಬಲ್ಲೆ ಎಂದು ಸಂತೋಷಪಟ್ಟು, 1942ರಲ್ಲಿ ನೋಡುವ ಕಲೆಯ ಬಗ್ಗೆ ಪುಸ್ತಕವನ್ನೇ ಬರೆದರು.

ಹತ್ತು ವರ್ಷಗಳ ನಂತರ, 1952ರಲ್ಲಿ, ಹಾಲಿವುಡ್ಡಿನ ಔತಣಕೂಟವೊಂದರಲ್ಲಿ ಅವರು ಕನ್ನಡಕವಿಲ್ಲದೆ ಭಾಷಣ ಓದುತ್ತಿದ್ದರು. ನಡುವೆ ತಡವರಿಸಿದರು. ಹಾಳೆಯನ್ನು ಕಣ್ಣಿನ ಹತ್ತಿರ ಹತ್ತಿರ ತಂದರು. ಆಗಲೂ ಕಾಣದೆ ಜೇಬಿನಿಂದ ಭೂತಗಾಜು ತೆಗೆಯಬೇಕಾಯಿತು. ಅವರು ಭಾಷಣವನ್ನು ಬಾಯಿಪಾಠ ಮಾಡಿದ್ದರೆಂಬುದು ಆಗ ತಿಳಿಯಿತೆಂದು ಅಲ್ಲಿದ್ದ ಪ್ರಕಾಶಕ ಬೆನೆಟ್ ಸರ್ಫ್ ಬರೆದಿದ್ದಾರೆ. ಹಕ್ಸ್ಲಿ ಮೋಸಗಾರರಾಗಿರಲಿಲ್ಲ. ಇರುವಷ್ಟು ದೃಷ್ಟಿಯನ್ನು ಜಾಣತನದಿಂದ ಬಳಸಲು ಅವರು ಕಲಿತಿದ್ದರು. ಅದು ದೊಡ್ಡ ಗಳಿಕೆಯೇ. ಆದರೆ ಕಾರ್ನಿಯಾದ ಕಲೆ ಹೋಗಿರಲಿಲ್ಲ.

ಒಂದು ರಾಷ್ಟ್ರವೇ ಮಾಡಿದ ವ್ಯಾಯಾಮ

ಒಬ್ಬಿಬ್ಬರ ಅನುಭವ ಸಾಲದು ಎನ್ನುವವರು ಚೀನಾದ ಕಡೆ ನೋಡಬಹುದು. ಅಲ್ಲಿ 1963ರಲ್ಲಿ ಬೀಜಿಂಗ್ ಶಾಲೆಗಳಲ್ಲಿ ಕಣ್ಣಿನ ವ್ಯಾಯಾಮ ಆರಂಭವಾಯಿತು, ಮುಂದೆ ದೇಶಕ್ಕೆಲ್ಲ ಹರಡಿತು. ಧ್ವನಿವರ್ಧಕದಲ್ಲಿ ಸಂಗೀತ ಬರುತ್ತಿದ್ದಂತೆ ಮಕ್ಕಳೆಲ್ಲ ಕಣ್ಣುಮುಚ್ಚಿ, ಹುಬ್ಬಿನ ಬುಡ, ಮೂಗಿನ ಪಕ್ಕ, ಕೆನ್ನೆ, ಕಪಾಲಗಳನ್ನು ಬೆರಳಿನಿಂದ ನೀವಿಕೊಳ್ಳುತ್ತಾರೆ. ಸಾಮಾನ್ಯವಾಗಿ ದಿನಕ್ಕೆ ಎರಡು ಸಲ, ವರ್ಷಗಟ್ಟಲೆ. ಇಷ್ಟು ದೊಡ್ಡ ಪ್ರಮಾಣದಲ್ಲಿ ಕಣ್ಣಿನ ವ್ಯಾಯಾಮ ಜಗತ್ತಿನ ಇನ್ನೆಲ್ಲೂ ನಡೆದಿಲ್ಲ.

ಫಲ? 2018ರಲ್ಲಿ ಅಲ್ಲಿನ ಸರ್ಕಾರವೇ ನಡೆಸಿದ ಸಮೀಕ್ಷೆಯಂತೆ ಮಕ್ಕಳು ಮತ್ತು ಹದಿಹರೆಯದವರಲ್ಲಿ ಶೇಕಡಾ 53.6 ಮಂದಿಗೆ ಸಮೀಪದೃಷ್ಟಿ. ಪ್ರಾಥಮಿಕ ಶಾಲೆಯಲ್ಲಿ ಶೇಕಡಾ 36 ಇದ್ದದ್ದು ಹಿರಿಯ ಪ್ರೌಢಶಾಲೆಯ ಹೊತ್ತಿಗೆ ಶೇಕಡಾ 81! ವ್ಯಾಯಾಮದಿಂದ ಕಣ್ಣು ಕೆಟ್ಟಿತು ಎಂದು ಇದರ ಅರ್ಥವಲ್ಲ. ಓದಿನ ಹೊರೆಯ ಮುಂದೆ ಅದು ತಡೆಗೋಡೆಯಾಗಲಿಲ್ಲ ಎಂದು ಮಾತ್ರ.

ಸ್ಪಷ್ಟವಾಯಿತಲ್ಲ, ಅದು ಹೇಗೆ?

“ನಮ್ಮ ಹುಡುಗ ವ್ಯಾಯಾಮ ಮಾಡಿದ ಮೇಲೆ ಚಾರ್ಟಿನಲ್ಲಿ ಎರಡು ಸಾಲು ಹೆಚ್ಚು ಓದಿದ” ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಇದಕ್ಕೆ ಕಾರಣಗಳು ಹಲವು. ಒಂದೇ ಚಾರ್ಟನ್ನು ಮತ್ತೆ ಮತ್ತೆ ನೋಡಿದರೆ ಅಕ್ಷರಗಳು ನೆನಪಿನಲ್ಲಿ ಉಳಿಯುತ್ತವೆ. ಮಸುಕು ಬಿಂಬದಿಂದಲೇ ಅಕ್ಷರ ಊಹಿಸಲು ಮಿದುಳು ಪಳಗುತ್ತದೆ. ರೆಪ್ಪೆ ಬಡಿದಾಗ ಕಣ್ಣೀರಿನ ಪದರ ಸಮವಾಗಿ ಹರಡಿ ಕ್ಷಣಕಾಲ ನೋಟ ತಿಳಿಯಾಗುತ್ತದೆ. ಬಿಡುವಿಲ್ಲದೆ ಓದಿದ ಮಕ್ಕಳಲ್ಲಿ ಸಿಲಿಯರಿ ಸ್ನಾಯು ಬಿಗಿಹಿಡಿದು ಸುಳ್ಳು ಸಮೀಪದೃಷ್ಟಿ ಕಾಣಿಸುವುದೂ ಉಂಟು. ಇದು ಮಾತ್ರ ವಿಶ್ರಾಂತಿಯಿಂದ ನಿಜವಾಗಿಯೂ ಕಡಿಮೆಯಾಗಬಲ್ಲದು. ಸುಳ್ಳು ಯಾವುದು, ನಿಜ ಯಾವುದು ಎಂಬುದನ್ನು ವೈದ್ಯರು ಕಣ್ಣಿಗೆ ಹನಿ ಹಾಕಿ, ಆ ಸ್ನಾಯುವನ್ನು ಸಡಿಲಗೊಳಿಸಿ ಪರೀಕ್ಷಿಸಿ ಹೇಳುತ್ತಾರೆ.

ಇನ್ನೊಂದು ಕಾರಣವನ್ನು ಮನೆಯಲ್ಲೇ ನೋಡಬಹುದು. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದದಲ್ಲಿ ಗುಂಡುಸೂಜಿಯಿಂದ ಒಂದು ತೂತು ಮಾಡಬೇಕು. ಸಮೀಪದೃಷ್ಟಿಯವರು ಕನ್ನಡಕ ತೆಗೆದು, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿಗೆ ಆ ತೂತನ್ನು ಹಿಡಿದು ಗೋಡೆಯ ಕ್ಯಾಲೆಂಡರ್ ನೋಡಬೇಕು. ಮಸುಕಾಗಿದ್ದ ಅಂಕಿಗಳು ಎದ್ದುಕಾಣುತ್ತವೆ! ಸಣ್ಣ ತೂತು ಬೆಳಕಿನ ಕಿರಣಗಳ ಕಟ್ಟನ್ನು ಕಿರಿದು ಮಾಡುವುದರಿಂದ ಮಸುಕು ತಗ್ಗುತ್ತದೆ. ಕಣ್ಣು ಕಿರಿದು ಮಾಡಿ ನೋಡುವ ಮಕ್ಕಳು ತಮಗೆ ತಿಳಿಯದೆಯೇ ಮಾಡುವುದು ಇದನ್ನೇ. ಕಣ್ಣು ಬದಲಾಗಿಲ್ಲ, ಬೆಳಕಿನ ದಾರಿ ಬದಲಾಗಿದೆ.

ಕಸರತ್ತು ಸಲ್ಲುವ ಕಡೆ

ಹಾಗೆಂದು ಎಲ್ಲ ಕಣ್ಣಿನ ವ್ಯಾಯಾಮವೂ ವ್ಯರ್ಥವಲ್ಲ. ಹತ್ತಿರದ ವಸ್ತು ನೋಡುವಾಗ ಎರಡೂ ಕಣ್ಣುಗಳು ಮೂಗಿನ ಕಡೆಗೆ ಸ್ವಲ್ಪ ತಿರುಗಬೇಕು. ಕೆಲವು ಮಕ್ಕಳಲ್ಲಿ ಈ ಹೊಂದಾಣಿಕೆ ದುರ್ಬಲ. ಓದಲು ಕೂತರೆ ತಲೆನೋವು, ಸಾಲುಗಳು ಒಂದರ ಮೇಲೊಂದು ಸರಿದಂತೆ ಕಾಣುವುದು ಇದರ ಲಕ್ಷಣ. ಇಂಥವರಿಗೆ ತಜ್ಞರ ಬಳಿ ಕ್ರಮವಾಗಿ ಮಾಡುವ ವ್ಯಾಯಾಮ ಚೆನ್ನಾಗಿ ಫಲಿಸುತ್ತದೆಂದು 2008ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗವೊಂದು ತೋರಿಸಿತು. ಇಲ್ಲಿ ಪಳಗುವುದು ಕಣ್ಣುಗಳ ಚಲನೆ, ಗುಡ್ಡೆಯ ಉದ್ದವಲ್ಲ.

ದಣಿದ ಕಣ್ಣಿಗೆ ವಿಶ್ರಾಂತಿ ಎಲ್ಲರಿಗೂ ಹಿತ. ಸಾಮಾನ್ಯವಾಗಿ ನಿಮಿಷಕ್ಕೆ ಹದಿನೈದು ಇಪ್ಪತ್ತು ಸಲ ಬಡಿಯುವ ರೆಪ್ಪೆ ಮೊಬೈಲ್, ಕಂಪ್ಯೂಟರ್ ಮುಂದೆ ಅರ್ಧಕ್ಕೂ ಕೆಳಗಿಳಿಯುತ್ತದೆ. ಕಣ್ಣು ಒಣಗಿ ಉರಿಯುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವುದು ಒಳ್ಳೆಯ ರೂಢಿ. ಅಂಗೈ ಮುಚ್ಚಿ ಎರಡು ನಿಮಿಷ ಕೂರುವುದರಿಂದಲೂ ಹಾಯೆನಿಸುತ್ತದೆ, ಗುಡ್ಡೆಯನ್ನು ಒತ್ತಬಾರದು ಅಷ್ಟೆ. ಹಠಯೋಗ ಪ್ರದೀಪಿಕೆಯಲ್ಲಿ ಹೇಳಿರುವ ತ್ರಾಟಕವನ್ನು ಬಲ್ಲವರಿಂದ ಕಲಿತು ಏಕಾಗ್ರತೆಗಾಗಿ ಮಾಡುವವರಿದ್ದಾರೆ. ಅದರಿಂದ ಕನ್ನಡಕದ ನಂಬರ್ ಇಳಿದೀತೆಂಬ ನಿರೀಕ್ಷೆ ಬೇಡ.

ಆದರೆ ಸೂರ್ಯನನ್ನು ದಿಟ್ಟಿಸುವ ಅಭ್ಯಾಸ ಮಾತ್ರ ಯಾವ ಹೊತ್ತಿನಲ್ಲೂ ಸಲ್ಲದು. 1980ರ ಫೆಬ್ರುವರಿ 16ರಂದು ಅಂಕೋಲಾ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋದ ಸಂಪೂರ್ಣ ಸೂರ್ಯಗ್ರಹಣವನ್ನು ಕಂಡವರಿಗೆ ಆಗಿನ ಎಚ್ಚರಿಕೆಯ ಮಾತುಗಳು ನೆನಪಿರಬಹುದು. ಗ್ರಹಣವಿರಲಿ ಇಲ್ಲದಿರಲಿ, ನೇರ ಸೂರ್ಯನ ಬಿಂಬ ಅಕ್ಷಿಪಟಲದ ನಡುಭಾಗವನ್ನು ಸುಡಬಲ್ಲದು. ಅಲ್ಲಿ ನೋವಿನ ನರಗಳಿಲ್ಲದ್ದರಿಂದ ಸುಟ್ಟದ್ದು ಆಗ ಗೊತ್ತಾಗುವುದೂ ಇಲ್ಲ.

ನಲವತ್ತರ ನಂತರ ಬರುವ ಚಾಳೀಸಿಗೂ ವ್ಯಾಯಾಮ ಮದ್ದಲ್ಲ. ಅಲ್ಲಿ ಮಸೂರವೇ ಗಡುಸಾಗಿರುತ್ತದೆ. ಕಣ್ಣಿನ ಪೊರೆಯೂ ಹಾಗೆಯೇ. ಊರೂರಿಗೆ ಹೋಗಿ ಶಿಬಿರ ನಡೆಸಿ ಲಕ್ಷಾಂತರ ಜನರ ಪೊರೆ ತೆಗೆದ ಬೀಳಗಿಯ ಡಾ. ಎಂ. ಸಿ. ಮೋದಿಯವರು (1916–2005) ಕೈಯಲ್ಲಿ ಹಿಡಿದದ್ದು ಶಸ್ತ್ರವನ್ನೇ. ಇನ್ನು ಕ್ಯಾರೆಟ್, ನುಗ್ಗೆಸೊಪ್ಪು, ಪಪ್ಪಾಯಿ ತಿನ್ನಿಸುವುದು ಒಳ್ಳೆಯದೇ. ಎ ಜೀವಸತ್ವದ ಕೊರತೆಯಿಂದ ಬರುವ ಇರುಳುಗುರುಡನ್ನು ಅವು ತಡೆಯುತ್ತವೆ. ಉದ್ದ ಬೆಳೆದ ಗುಡ್ಡೆಯನ್ನು ಗಿಡ್ಡ ಮಾಡಲಾರವು.

ಬಯಲೇ ಮದ್ದು

ವ್ಯಾಯಾಮದಿಂದ ಆಗದ್ದು ಆಟದಿಂದ ಸ್ವಲ್ಪಮಟ್ಟಿಗೆ ಆಗುತ್ತದೆ ಎಂಬುದು ಇತ್ತೀಚಿನ ಸಂಶೋಧನೆಗಳ ಸಂತಸದ ಸುದ್ದಿ. ಚೀನಾದ ಗ್ವಾಂಗ್‌ಜೋ ನಗರದ 12 ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳ ಮೇಲೆ ಮೂರು ವರ್ಷ ಪ್ರಯೋಗ ನಡೆಯಿತು. ಅರ್ಧದಷ್ಟು ಶಾಲೆಗಳಲ್ಲಿ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿಗೆ ಬಿಟ್ಟರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ ಬಯಲಿಗೆ ಬಂದ ಮಕ್ಕಳಲ್ಲಿ ಶೇಕಡಾ 30.4 ಮಂದಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು, ಉಳಿದವರಲ್ಲಿ ಶೇಕಡಾ 39.5 ಮಂದಿಗೆ. ತೈವಾನ್ ದೇಶವಂತೂ 2010ರಿಂದ ಶಾಲಾಮಕ್ಕಳು ದಿನಕ್ಕೆ ಎರಡು ಗಂಟೆ ಹೊರಗಿರಬೇಕೆಂಬ ಕಾರ್ಯಕ್ರಮವನ್ನೇ ಹಮ್ಮಿಕೊಂಡಿತು.

ಇದರ ಗುಟ್ಟು ಬೆಳಕಿನಲ್ಲಿದೆ ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ತರಗತಿಯ ಕೋಣೆಯಲ್ಲಿ ಕೆಲವು ನೂರು ಲಕ್ಸ್ ಬೆಳಕಿದ್ದರೆ ಹೊರಗೆ ಹೊಂಗೆ ಮರದ ನೆರಳಿನಲ್ಲೂ ಸಾವಿರಾರು ಲಕ್ಸ್ ಇರುತ್ತದೆ. ಪ್ರಖರ ಬೆಳಕು ಅಕ್ಷಿಪಟಲದಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಹೆಚ್ಚಿಸಿ, ಗುಡ್ಡೆಯ ಅತಿ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ಸೂಚಿಸುತ್ತವೆ. ಸೂರ್ಯನನ್ನು ನೋಡಬೇಕಿಲ್ಲ, ಸೂರ್ಯನ ಬೆಳಕಿನಲ್ಲಿ ಆಡಿದರೆ ಸಾಕು. ಲಗೋರಿ, ಕುಂಟೆಬಿಲ್ಲೆ, ಚಿನ್ನಿದಾಂಡು ಯಾವುದಾದರೂ ಸರಿ.

ಇದು ಮುಖ್ಯವಾಗಿ ಸಮೀಪದೃಷ್ಟಿಯ ಆರಂಭವನ್ನು ಮುಂದೂಡುತ್ತದೆ, ಬಂದದ್ದನ್ನು ಹಿಂದೆ ಕಳಿಸುವುದಿಲ್ಲ. ಆದರೆ ಮುಂದೂಡುವುದೂ ಸಣ್ಣ ಸಂಗತಿಯಲ್ಲ. ಎಳವೆಯಲ್ಲೇ ಆರಂಭವಾದರೆ ನಂಬರ್ ಬಹಳ ಮೇಲೇರುವ ಸಂಭವ ಹೆಚ್ಚು. ಮೈನಸ್ 6 ದಾಟಿದವರಲ್ಲಿ ಮುಂದೆ ಅಕ್ಷಿಪಟಲ ಕಳಚುವಂಥ ಅಪಾಯಗಳೂ ಹೆಚ್ಚು. ವೇಗವಾಗಿ ಏರುವ ನಂಬರನ್ನು ನಿಧಾನಗೊಳಿಸಲು ಅತಿ ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ, ವಿಶೇಷ ಮಸೂರಗಳು ಈಗ ಬಂದಿವೆ. ಅವು ಕಣ್ಣಿನ ವೈದ್ಯರ ಸಲಹೆಯಿಂದಲೇ ಆಗಬೇಕು.

ಕಾಯಲಾಗದ ಕಣ್ಣು

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಚಿಕ್ಕ ಮಕ್ಕಳ ವಿಷಯದಲ್ಲಿ. ಒಂದು ಕಣ್ಣಿಗೆ ಮಾತ್ರ ಹೆಚ್ಚು ದೋಷವಿದ್ದರೆ, ಅಥವಾ ಮೆಳ್ಳೆಗಣ್ಣಿದ್ದರೆ, ಮಿದುಳು ಆ ಕಣ್ಣಿನ ಸಂದೇಶವನ್ನೇ ಕೈಬಿಡುತ್ತದೆ. ಇದನ್ನು ಸೋಮಾರಿ ಕಣ್ಣು ಎನ್ನುತ್ತಾರೆ. ಇನ್ನೊಂದು ಕಣ್ಣು ಚೆನ್ನಾಗಿ ಕಾಣುವುದರಿಂದ ಮಗು ದೂರುವುದೇ ಇಲ್ಲ. ಏಳೆಂಟು ವರ್ಷದೊಳಗೆ ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಕಟ್ಟಿ ಸೋಮಾರಿ ಕಣ್ಣನ್ನು ದುಡಿಸಿದರೆ ಸರಿಹೋಗುವ ಸಾಧ್ಯತೆ ಹೆಚ್ಚು. ತಡವಾದಷ್ಟೂ ಕಷ್ಟ. ಇಂಥ ಮಗುವಿಗೆ ‘ಆರು ತಿಂಗಳು ವ್ಯಾಯಾಮ ಮಾಡಿ ನೋಡೋಣ’ ಎಂದು ಕಾಯುವುದು ಒಂದು ಕಣ್ಣನ್ನೇ ಪಣಕ್ಕಿಟ್ಟಂತೆ.

ಮಗುವಿನ ಒಂದೊಂದೇ ಕಣ್ಣು ಮುಚ್ಚಿ ದೂರದ ಕ್ಯಾಲೆಂಡರ್ ಓದಿಸುವುದು ಯಾವ ತಾಯಿತಂದೆಯೂ ಮಾಡಬಹುದಾದ ಪರೀಕ್ಷೆ. ಪುಸ್ತಕವನ್ನು ಮೂಗಿಗೆ ತಾಗಿಸಿ ಓದುವುದು, ಟೀವಿಯ ಹತ್ತಿರ ಹೋಗಿ ನಿಲ್ಲುವುದು, ತಲೆ ಓರೆ ಮಾಡಿ ನೋಡುವುದು, ಪದೇ ಪದೇ ಕಣ್ಣುಜ್ಜುವುದು, ಬೋರ್ಡಿನಿಂದ ತಪ್ಪು ತಪ್ಪಾಗಿ ಬರೆದುಕೊಳ್ಳುವುದು ಕಂಡರೆ ಬೈಯುವುದಕ್ಕಿಂತ ಮೊದಲು ಕಣ್ಣು ತೋರಿಸಬೇಕು. ಶಾಲೆಗೆ ಸೇರಿಸುವ ಮುನ್ನ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿದರೆ ಒಳ್ಳೆಯದು.

ದೇವರ ಪಟದ ಹಿಂದಿನ ಆ ಚೀಟಿಯನ್ನು ಇಂದೇ ತೆಗೆಯಬಹುದು. ಮಗಳಿಗೆ ಕನ್ನಡಕ ಕೊಡಿಸಿ, ಸಂಜೆ ಟ್ಯೂಷನ್ನಿಗೆ ಮೊದಲು ಒಂದು ಗಂಟೆ ಆಡಲು ಬಿಡಬಹುದು. ಓದಿನ ನಡುವೆ ಕಿಟಕಿಯಾಚೆಯ ತೆಂಗಿನ ಗರಿಗಳನ್ನು ನೋಡಲು ಹೇಳಬಹುದು. ಕನ್ನಡಕ ಸಿಕ್ಕಿದ ಮರುದಿನ ಮಕ್ಕಳು ಮನೆಗೆ ಬಂದು ಹೇಳುವ ಮಾತು ಸಾಮಾನ್ಯವಾಗಿ ಒಂದೇ: “ಅಮ್ಮ, ಮರದಲ್ಲಿ ಎಲೆ ಎಲೆಯೂ ಬೇರೆ ಬೇರೆ ಕಾಣುತ್ತೆ!” ಅಷ್ಟು ದಿನ ಆ ಮಗುವಿಗೆ ಮರವೆಂದರೆ ಬರೀ ಹಸಿರು ಮುದ್ದೆಯಾಗಿತ್ತು.